ಮೂವರು ಸತ್ತ ಸುದ್ದಿಯ ಕೆಳಗೆ ನಗುವ ಮುಖಗಳು: ಕಮೆಂಟ್ ಮುಚ್ಚಬೇಕೋ, ಶೀರ್ಷಿಕೆ ತಿದ್ದಬೇಕೋ?

ಮೇಜಿನ ಮೂಲೆ

ನಮಸ್ಕಾರ. ಬೆಂಗಳೂರಿನ ಒಂದು ಸುದ್ದಿ ಜಾಲತಾಣದಲ್ಲಿ ಉಪಸಂಪಾದಕಿಯಾಗಿದ್ದೇನೆ, ರಾತ್ರಿ ಪಾಳಿ. ಸುದ್ದಿ ತಿದ್ದುವುದರ ಜೊತೆಗೆ ನಮ್ಮ ಫೇಸ್‌ಬುಕ್ ಪುಟದ ಕಮೆಂಟ್‌ಗಳನ್ನು ‘ನೋಡಿಕೊಳ್ಳುವುದೂ’ ನನ್ನ ಕೆಲಸ. ನೋಡಿಕೊಳ್ಳುವುದು ಎಂದರೆ ಏನು ಎಂದು ಈವರೆಗೆ ಯಾರೂ ಹೇಳಿಕೊಟ್ಟಿಲ್ಲ.

ಕಳೆದ ವಾರ ಒಂದು ಕಟ್ಟಡದ ಸಾರುವೆ ಕುಸಿದು ಮೂವರು ಕೂಲಿಯವರು ಸತ್ತರು. ಇಬ್ಬರು ಪಶ್ಚಿಮ ಬಂಗಾಳದ ಮಾಲ್ದಾ ಕಡೆಯವರು, ಒಬ್ಬ ಯಾದಗಿರಿಯ ಹುಡುಗ. ನಾಲ್ಕು ಸಾಲಿನ ಸುದ್ದಿ. ‘ಸಾರುವೆ ಕುಸಿದು ಮೂವರು ವಲಸಿಗರ ಸಾವು’ ಎಂದು ಶೀರ್ಷಿಕೆ ಕೊಟ್ಟವಳು ನಾನೇ. ಹತ್ತು ನಿಮಿಷದೊಳಗೆ ನಗುವ ಮುಖಗಳು ಸಾಲುಗಟ್ಟಿದವು. ‘ಮೂರು ಕಡಿಮೆಯಾಯಿತು’ ಎಂದ ಒಬ್ಬ. ‘ಬಾಂಗ್ಲಾದವರೇ ಇರಬೇಕು, ಪರಿಹಾರ ಕೊಡಬೇಡಿ’ ಎಂದ ಇನ್ನೊಬ್ಬನಿಗೆ ನಾನೂರು ಲೈಕ್. ಇವುಗಳ ನಡುವೆ ಒಬ್ಬ ಹೆಣ್ಣುಮಗಳು, ‘ಯಾದಗಿರಿಯವನು ನನ್ನ ತಮ್ಮ, ಯಾವ ಆಸ್ಪತ್ರೆಯಲ್ಲಿ ಇಟ್ಟಿದ್ದಾರೆ ಹೇಳಿರಿ’ ಎಂದು ಕೇಳಿದ್ದಳು. ನಾನು ಅದನ್ನು ನೋಡಿದ್ದು ಒಂದೂವರೆ ಗಂಟೆಯ ನಂತರ. ಅಷ್ಟರಲ್ಲಿ ಅವಳಿಗೂ ಯಾರೋ ನಗುವ ಮುಖ ಒತ್ತಿದ್ದರು.

ಇಂಥ ಸುದ್ದಿಗಳಿಗೆ ಕಮೆಂಟ್ ಮುಚ್ಚೋಣ ಎಂದೆ. ‘ಕಮೆಂಟ್ ಬಂದರೆ ತಾನೇ ಸುದ್ದಿ ಓಡುವುದು’ ಎಂದರು ಮೇಲಿನವರು. ನಿಮ್ಮಲ್ಲಿ ಈ ಕೆಲಸ ಮಾಡಿದವರು ಯಾರಾದರೂ ಇದ್ದರೆ, ನೀವು ಏನು ಮಾಡಿದಿರಿ?

ಗೋಡೆ ಗಡಿಯಾರ

ಮುಚ್ಚಿ. ಇದರಲ್ಲಿ ಕೇಳುವುದೇನಿದೆ?

ನಾಡಪರ

ಸತ್ತವರನ್ನು ಕಂಡು ನಗುವವನು ಮನುಷ್ಯನೇ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಬಾಯಿ ಮುಚ್ಚಿಸುವುದಕ್ಕೆ ನನ್ನ ವಿರೋಧವಿದೆ. ಈ ಊರಿನಲ್ಲಿ ಬಾಡಿಗೆ ಏರಿದೆ, ನೀರಿಲ್ಲ, ಅಂಗಡಿಯಲ್ಲಿ ಕನ್ನಡ ಮಾತನಾಡಿದರೆ ‘ಹಿಂದಿ ಮೇ ಬೋಲೋ’ ಎನ್ನುತ್ತಾರೆ. ಹುಟ್ಟಿದ ಊರಿನಲ್ಲಿಯೇ ಪರಕೀಯನಾದವನಿಗೆ ಸಿಟ್ಟು ಬರುತ್ತದೆ. ಆ ಸಿಟ್ಟಿಗೆಲ್ಲ ‘ದ್ವೇಷ ಭಾಷಣ’ ಎಂಬ ಹಣೆಪಟ್ಟಿ ಹಚ್ಚಿದರೆ ನಾಳೆ ನಾಮಫಲಕದಲ್ಲಿ ಕನ್ನಡ ಕೇಳುವುದೂ ದ್ವೇಷವಾಗುತ್ತದೆ.

ನಿವೃತ್ತ ಸುದ್ದಿಮನೆ

ಮಗಳೇ, ಮೊದಲು ನಿಮ್ಮ ಶೀರ್ಷಿಕೆಗೆ ಬರೋಣ. ಬೇಸರ ಮಾಡಿಕೊಳ್ಳಬೇಡಿ. ಮೂವತ್ತೊಂದು ವರ್ಷ ಡೆಸ್ಕಿನಲ್ಲಿ ಕುಳಿತವನು ನಾನು, ನಿಮ್ಮದಕ್ಕಿಂತ ಕೆಟ್ಟ ಶೀರ್ಷಿಕೆಗಳನ್ನು ಕೊಟ್ಟಿದ್ದೇನೆ.

‘ಮೂವರು ವಲಸಿಗರ ಸಾವು’ ಏಕೆ? ‘ಮೂವರು ಕಾರ್ಮಿಕರ ಸಾವು’ ಎಂದಿದ್ದರೆ ಅಕ್ಷರ ಹೆಚ್ಚಾಗುತ್ತಿತ್ತೇ? ಅವರು ಸತ್ತದ್ದು ವಲಸೆ ಬಂದದ್ದಕ್ಕಲ್ಲ, ಸಾರುವೆ ಸರಿಯಾಗಿ ಕಟ್ಟದೇ ಇದ್ದದ್ದಕ್ಕೆ. ಗುತ್ತಿಗೆದಾರ ಯಾರು ಎಂದು ಕೇಳಬೇಕಾಗಿದ್ದ ಓದುಗನಿಗೆ ಸತ್ತವನು ಎಲ್ಲಿಯವನು ಎಂದು ಕೇಳಲು ನೀವೇ ಹೇಳಿಕೊಟ್ಟಿರಿ. ಅದರಲ್ಲಿಯೂ ಒಬ್ಬ ಯಾದಗಿರಿಯವನು. ಯಾದಗಿರಿಯಿಂದ ಬೆಂಗಳೂರಿಗೆ ಬಂದವನನ್ನು ವಲಸಿಗ ಎನ್ನುತ್ತೀರಿ, ತೀರ್ಥಹಳ್ಳಿಯಿಂದ ಬಂದು ಸಾಫ್ಟ್‌ವೇರ್ ಕಂಪನಿ ಸೇರಿದವನನ್ನು ಹಾಗೆ ಎಂದಾದರೂ ಕರೆದಿದ್ದೀರಾ? ನಮ್ಮ ಡೆಸ್ಕುಗಳಲ್ಲಿ ‘ವಲಸಿಗ’ ಎಂದರೆ ಬಡವ ಎಂದೇ ಅರ್ಥ.

ಇನ್ನೊಂದು ಪದವಿದೆ: ಹಾವಳಿ. ಹಳೆಯ ಸಂಚಿಕೆಗಳನ್ನು ತೆಗೆದು ನೋಡಿ. ಕಾಡಾನೆ ಹಾವಳಿ, ಮಂಗಗಳ ಹಾವಳಿ, ಸೊಳ್ಳೆ ಹಾವಳಿ, ಬೀದಿನಾಯಿ ಹಾವಳಿ. ಆಮೇಲೆ ಒಂದು ದಿನ ‘ಅಕ್ರಮ ವಲಸಿಗರ ಹಾವಳಿ’. ಒಂದೇ ಅಂಕಣ, ಒಂದೇ ಅಚ್ಚು. ಕೊಟ್ಟವನಿಗೆ ದ್ವೇಷವೇನೂ ಇರುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಪುಟ ಬಿಡಬೇಕಾದ ಅವಸರ ಇರುತ್ತದೆ, ಮೂರಕ್ಷರದ ಪದ ಕೈಗೆ ಸಿಗುತ್ತದೆ. ಆದರೆ ಓದುವವನ ತಲೆಯಲ್ಲಿ ಆ ಮನುಷ್ಯ ಮಂಗ ಮತ್ತು ಸೊಳ್ಳೆಯ ಪಕ್ಕಕ್ಕೆ ಹೋಗಿ ಕುಳಿತಿರುತ್ತಾನೆ. ‘ಮನೆ’ ಎನ್ನಬೇಕಾದಲ್ಲಿ ‘ಅಡಗುತಾಣ’ ಎನ್ನುವುದು, ‘ನೆಲೆಸಿದ್ದಾರೆ’ ಎನ್ನಬೇಕಾದಲ್ಲಿ ‘ಬೀಡುಬಿಟ್ಟಿದ್ದಾರೆ’ ಎನ್ನುವುದು, ಇವೆಲ್ಲ ಅದೇ ಜಾತಿಯವು. ಕಮೆಂಟ್ ಬರೆಯುವವನು ಅರ್ಧ ವಾಕ್ಯವನ್ನಷ್ಟೇ ಬರೆಯುತ್ತಾನೆ, ಉಳಿದರ್ಧವನ್ನು ನಾವು ಮೇಲೆ ಬರೆದುಕೊಟ್ಟಿರುತ್ತೇವೆ.

ಹಾಸನದ ಕಾಫಿ

ಸರ್, ಆನೆಯ ವಿಷಯದಲ್ಲಿ ಹಾವಳಿ ಎನ್ನುವುದನ್ನು ಬಿಡಬೇಡಿ. ನಮ್ಮ ತೋಟಕ್ಕೆ ಬಂದು ನೋಡಿ.

ಮೇಜಿನ ಮೂಲೆ

ನಿವೃತ್ತ ಸರ್, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಯಾದಗಿರಿಯ ಮಾತು ನಿಜ. ‘ವಲಸಿಗ’ ಎಂದು ಬರೆದಾಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ಹೇಳಬಹುದು, ಆದರೆ ಏನೂ ಇರಲಿಲ್ಲ ಎನ್ನುವುದೇ ತೊಂದರೆ ಅಲ್ಲವೇ?

ಬೆಳ್ಳಂದೂರು ಕೆರೆ ದಂಡೆ

ನಾನು ಕರಿಯಮ್ಮನ ಅಗ್ರಹಾರದ ಹತ್ತಿರವೇ ಇರುವವನು. 2020ರ ಜನವರಿಯಲ್ಲಿ ನಡೆದದ್ದನ್ನು ನೆನಪಿಸುತ್ತೇನೆ, ಏಕೆಂದರೆ ಎಲ್ಲರೂ ಮರೆತಿದ್ದಾರೆ. ಜನವರಿ 12ರ ಸುಮಾರಿಗೆ ಆಗಿನ ಶಾಸಕರು ಒಂದು ವಿಡಿಯೊ ಟ್ವೀಟ್ ಮಾಡಿದರು. ಜೋಪಡಿಗಳಲ್ಲಿ ಇರುವವರಲ್ಲಿ ಅಕ್ರಮ ಬಾಂಗ್ಲಾದೇಶಿಗರಿದ್ದಾರೆ ಎಂಬ ಮಾತು. ಟಿವಿಯಲ್ಲಿಯೂ ಅದೇ ಓಡಿತು. ಒಂದೇ ವಾರ. 18, 19ರಂದು ಜೆಸಿಬಿ ಬಂತು. ನೂರಕ್ಕೂ ಹೆಚ್ಚು ಜೋಪಡಿಗಳು ನೆಲಸಮವಾದವು. ಅದಕ್ಕೆ ಮೊದಲೇ ನೀರು, ಕರೆಂಟ್ ಎರಡೂ ಹೋಗಿದ್ದವು.

ಆಮೇಲೆ ಆಧಾರ್, ಮತದಾರರ ಚೀಟಿ ಹಿಡಿದು ನಿಂತವರು ಯಾರು? ಅಸ್ಸಾಂನವರು, ತ್ರಿಪುರಾದವರು, ಬಂಗಾಳದವರು, ಮತ್ತು ನಮ್ಮದೇ ಉತ್ತರ ಕರ್ನಾಟಕದವರು. ಕನ್ನಡ ಮಾತನಾಡುವ ಹೆಂಗಸರು ಮುರಿದ ತಗಡಿನ ಮೇಲೆ ಪಾತ್ರೆ ಹುಡುಕುತ್ತಿದ್ದರು. ಪ್ರಕರಣ ಹೈಕೋರ್ಟಿಗೆ ಹೋಗಿ ತಡೆ ಬಂತು, ತೆರವು ಮಾಡಿಸಲು ಪೊಲೀಸರಿಗೆ ಯಾವ ಕಾನೂನಿನ ಅಧಿಕಾರವಿದೆ ಎಂಬ ಪ್ರಶ್ನೆ ಬಂತು. ಆದರೆ ಒಡೆದ ಸುದ್ದಿ ಓಡಿದಷ್ಟು ವೇಗದಲ್ಲಿ ಅವರು ಭಾರತೀಯರು ಎಂಬ ಸುದ್ದಿ ಓಡಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲನೆಯದಕ್ಕೆ ಚಪ್ಪಾಳೆ ತಟ್ಟಿದ ಒಬ್ಬರೂ ಎರಡನೆಯದನ್ನು ಹಂಚಲಿಲ್ಲ. ಸೋಮವಾರ ಬೆಳಗ್ಗೆ ಮನೆಗೆಲಸದವರು ಬರಲಿಲ್ಲ ಎಂದು ಮಾತ್ರ ಅದೇ ಗುಂಪಿನಲ್ಲಿ ಗೊಣಗಾಟ ಶುರುವಾಯಿತು.

ಗಡಿ ಕಾವಲು

ಒಂದು ಉದಾಹರಣೆ ಹಿಡಿದುಕೊಂಡು ಅಕ್ರಮ ವಲಸೆಯೇ ಇಲ್ಲ ಎನ್ನುತ್ತೀರಾ? ನಕಲಿ ಆಧಾರ್ ಹಿಡಿದವರು ಸಿಕ್ಕಿಬಿದ್ದ ಸುದ್ದಿ ಬರುತ್ತಲೇ ಇದೆ. ಅದನ್ನು ಬರೆಯಬಾರದೇ?

ವಕೀಲೆ, ಧಾರವಾಡ

ಬರೆಯಬಾರದು ಎಂದು ಇಲ್ಲಿ ಯಾರು ಹೇಳಿದರು? ಯಾರು ವಿದೇಶಿ ಎಂದು ತೀರ್ಮಾನಿಸಲು ಕಾನೂನಿದೆ. ಮೊದಲು 1946ರ ವಿದೇಶಿಯರ ಕಾಯ್ದೆ ಇತ್ತು, 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದೆ. ಅದನ್ನು ಹೇಗೆ ನಿರ್ಧರಿಸಬೇಕು, ಯಾರು ನಿರ್ಧರಿಸಬೇಕು ಎಂಬುದಕ್ಕೆ ಕ್ರಮವಿದೆ. ಲುಂಗಿಯ ಚೌಕ ನೋಡಿ, ಮಾತಿನ ಧಾಟಿ ಕೇಳಿ ನಿರ್ಧರಿಸುವ ಅಧಿಕಾರ ವರದಿಗಾರನಿಗೂ ಇಲ್ಲ, ಕಮೆಂಟ್ ಬರೆಯುವವನಿಗಂತೂ ಇಲ್ಲ. ಬಂಧಿಸಿದರೆ ‘ಬಂಧನ’ ಎಂದು ಬರೆಯಿರಿ, ಆರೋಪವಿದ್ದರೆ ‘ಆರೋಪ’ ಎಂದು ಬರೆಯಿರಿ. ಇಡೀ ಕೇರಿಯನ್ನು ಸೇರಿಸಿ ಬರೆಯುವುದೇ ತಪ್ಪು.

ಬೇರೆಯವರು ಕೇಳುವ ಮೊದಲೇ ದಂಡ ಸಂಹಿತೆಯನ್ನೂ ಹೇಳಿಬಿಡುತ್ತೇನೆ. ಹಳೆಯ ಐಪಿಸಿಯ 153ಎ ಈಗ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ. ಎಲ್ಲರೂ ಅದನ್ನು ಧರ್ಮದ ವಿಷಯಕ್ಕೆ ಮಾತ್ರ ಎಂದುಕೊಂಡಿದ್ದಾರೆ. ಓದಿ ನೋಡಿದರೆ ಧರ್ಮ, ಜನಾಂಗದ ಜೊತೆಗೆ ಹುಟ್ಟಿದ ಸ್ಥಳ, ವಾಸಸ್ಥಳ, ಭಾಷೆ ಇವೂ ಇವೆ. ಅಂದರೆ ಬಿಹಾರದಲ್ಲಿ ಹುಟ್ಟಿದ, ಬಂಗಾಲಿ ಮಾತನಾಡುವ ಎಂಬ ಕಾರಣಕ್ಕೆ ಗುಂಪುಗಳ ನಡುವೆ ವೈರ ಹುಟ್ಟಿಸುವುದೂ ಅದರೊಳಗೆ ಬರುತ್ತದೆ. ಮೂರು ವರ್ಷದವರೆಗೆ ಶಿಕ್ಷೆ ಇದೆ. ಆದರೆ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಳ್ಳಲು ಸರ್ಕಾರದ ಪೂರ್ವಾನುಮತಿ ಬೇಕು, ಮತ್ತು ಕಡತ ಅಲ್ಲಿಯೇ ಮಲಗುತ್ತದೆ. 2022ರ ಅಕ್ಟೋಬರ್‌ನಲ್ಲಿ ದೆಹಲಿ, ಉತ್ತರ ಪ್ರದೇಶ, ಉತ್ತರಾಖಂಡಕ್ಕೆ, ಆಮೇಲೆ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ, ದೂರು ಬಾರದಿದ್ದರೂ ದ್ವೇಷ ಭಾಷಣದ ಪ್ರಕರಣ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಎಷ್ಟು ಠಾಣೆಗಳಲ್ಲಿ ದಾಖಲಿಸಿದ್ದಾರೆ ಎಂದು ನನ್ನನ್ನು ಕೇಳಬೇಡಿ, ನಗು ಬರುತ್ತದೆ.

‘66ಎ ಹಾಕಿ’ ಎಂದು ಇನ್ನೂ ಬರೆಯುವವರಿದ್ದಾರೆ. ಐಟಿ ಕಾಯ್ದೆಯ ಆ ಕಲಮನ್ನು 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿದೆ, ಮತ್ತು ಸರಿಯಾಗಿಯೇ ಮಾಡಿದೆ. ಸಿಟ್ಟು ತರಿಸುವ ಮಾತು ಎಂಬ ಒಂದೇ ಕಾರಣಕ್ಕೆ ಜೈಲಿಗೆ ಹಾಕುವ ಕಾನೂನು ನಾಡಪರ ಅವರ ಕೊರಳಿಗೇ ಮೊದಲು ಬೀಳುತ್ತದೆ.

ನಾಡಪರ

ಕೊನೆಯ ಸಾಲಿಗೆ ಧನ್ಯವಾದಗಳು ಮೇಡಂ. ನಾನು ಹೇಳಿದ್ದೂ ಅದನ್ನೇ.

ಸಿಂಧನೂರು ಸೋನಾ

ಇಲ್ಲಿ ಎಲ್ಲರೂ ‘ಬಾಂಗ್ಲಾದವರು’ ಎನ್ನುತ್ತಿದ್ದೀರಿ, ಒಬ್ಬನಾದರೂ ಎದುರಿಗೆ ನಿಂತು ಮಾತನಾಡಲಿ ಎಂದು ಬಂದೆ. ನಮ್ಮ ಸಿಂಧನೂರು ತಾಲ್ಲೂಕಿನಲ್ಲಿ ಕ್ಯಾಂಪ್ ಎಂದರೆ ಡೇರೆಯಲ್ಲ, ಊರು. ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರ ಕ್ಯಾಂಪ್‌ಗಳಿವೆ. ಅವುಗಳ ಜೊತೆಗೆ ಆರ್.ಎಚ್. ಕ್ಯಾಂಪ್‌ಗಳಿವೆ, ಪುನರ್ವಸತಿಯ ಕ್ಯಾಂಪ್‌ಗಳು. ಪೂರ್ವ ಪಾಕಿಸ್ತಾನದಿಂದ, ಅಂದರೆ ಈಗಿನ ಬಾಂಗ್ಲಾದೇಶದಿಂದ ಓಡಿಬಂದ ಕುಟುಂಬಗಳನ್ನು ಸರ್ಕಾರವೇ ತಂದು ಜಮೀನು ಕೊಟ್ಟು ಕೂರಿಸಿದ್ದು. ನನ್ನ ಅಜ್ಜ ಹಾಗೆ ಬಂದವರು. ಮನೆಯಲ್ಲಿ ಬಂಗಾಲಿ, ಗದ್ದೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ನೂರಾ ಹದಿನೆಂಟು.

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹಿಡಿದ ಎರಡನೇ ವಾರ ಮೆಟ್ಟಿಲ ಮೇಲೆ ನಿಂತು ಅಮ್ಮನೊಂದಿಗೆ ಫೋನಿನಲ್ಲಿ ಬಂಗಾಲಿ ಮಾತನಾಡುತ್ತಿದ್ದೆ. ಮಾಲೀಕರು ಕೇಳಿಸಿಕೊಂಡರು. ಮರುದಿನ ಬೆಳಗ್ಗೆ ಟಿವಿಯಲ್ಲಿ ಬಂದ ಏನೋ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿ, ‘ತಪ್ಪು ತಿಳಿಯಬೇಡಿ, ನೀವು ಆ ಪೈಕಿಯವರಲ್ಲ ತಾನೇ?’ ಎಂದರು. ರಾಯಚೂರಿನ ಧಾಟಿಯಲ್ಲಿ ಜೋರಾಗಿ ಕನ್ನಡ ಮಾತನಾಡಿದ ಮೇಲೆ ಚಹಾ ಕೊಟ್ಟರು. ಒಳ್ಳೆಯ ಮನುಷ್ಯರೇ. ಆದರೆ ಅಂದಿನಿಂದ ಅಮ್ಮನ ಫೋನ್ ಬಂದರೆ ನಾನು ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಮಾತನಾಡುತ್ತೇನೆ.

ಗೋಡೆ ಗಡಿಯಾರ

ನೂರಾ ಹದಿನೆಂಟೇ? ನನಗೆ ತೊಂಬತ್ತು ಬಂದಿತ್ತು. ನನ್ನನ್ನು ಎಲ್ಲಿಗೆ ಕಳುಹಿಸುತ್ತೀರಿ?

ಮೈಸೂರು ರಸ್ತೆ

ಆ ಕ್ಯಾಂಪ್‌ಗಳಲ್ಲಿ ಮೀನು ಬಹಳ ಚೆನ್ನಾಗಿ ಸಿಗುತ್ತದೆ ಎಂದು ಕೇಳಿದ್ದೇನೆ, ನಿಜವೇ?

ಸಿಂಧನೂರು ಸೋನಾ

ನಿಜ. ಸಾಸಿವೆ ಹಾಕಿ ಮಾಡುತ್ತಾರೆ. ನಿಮ್ಮ ಕಡೆಯ ಹುಣಸೆ ಹುಳಿಯ ಸಾರಿಗೂ ನಮ್ಮದಕ್ಕೂ ಸಂಬಂಧವೇ ಇಲ್ಲ.

ಬೈಲುಕುಪ್ಪೆ ಬಸ್

ನಿರಾಶ್ರಿತರ ಊಟದ ಮಾತು ಬಂದದ್ದರಿಂದ ಕೇಳುತ್ತೇನೆ. ನಮ್ಮ ಕಡೆ ಟಿಬೆಟನ್ನರು 1960ರ ದಶಕದ ಆರಂಭದಿಂದ ಇದ್ದಾರೆ, ಆಗಿನ ಮೈಸೂರು ರಾಜ್ಯ ಜಮೀನು ಕೊಟ್ಟದ್ದು. ಮುಂಡಗೋಡದಲ್ಲಿಯೂ ಇದ್ದಾರೆ, ಕೊಳ್ಳೇಗಾಲದ ಕಡೆಯೂ ಇದ್ದಾರೆ. ಅವರ ಸುದ್ದಿ ಬಂದರೆ ‘ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಲು ಹೋಗೋಣ’ ಎಂದು ಕಮೆಂಟ್. ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾಗಳ ಸುದ್ದಿ ಬಂದರೆ ‘ಓಡಿಸಿ’. ಇಬ್ಬರೂ ನಿರಾಶ್ರಿತರೇ. ಭಾರತವಂತೂ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಹಾಗಾಗಿ ಯಾರನ್ನು ನಿರಾಶ್ರಿತ ಎಂದು ಕರೆಯಬೇಕು, ಯಾರನ್ನು ನುಸುಳುಕೋರ ಎಂದು ಕರೆಯಬೇಕು ಎಂಬುದು ಕೊನೆಗೆ ಪತ್ರಿಕೆಯವರ ನಾಲಿಗೆಗೆ ಬಿಟ್ಟ ವಿಷಯವಾಗಿದೆ.

ಗಡಿ ಕಾವಲು

ಟಿಬೆಟನ್ನರನ್ನು ಸರ್ಕಾರ ಕರೆತಂದು ಕೂರಿಸಿತು. ಅದು ಬೇರೆ, ಕದ್ದು ಬರುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಬೈಲುಕುಪ್ಪೆ ಬಸ್

ಒಪ್ಪಿದೆ, ದಾಖಲೆಯಲ್ಲಿ ಬೇರೆಯೇ. ನಾನು ಹೇಳಿದ್ದು ನಾವು ಬಳಸುವ ಪದಗಳ ಬಗ್ಗೆ.

ನಿರ್ವಾಹಕ

ಇಲ್ಲಿದ್ದ ಒಂದು ಉತ್ತರವನ್ನು ತೆಗೆದಿದ್ದೇನೆ. ಮನುಷ್ಯರನ್ನು ಜಿರಳೆ ಎಂದು ಕರೆದದ್ದಕ್ಕೆ. ಬರೆದವರು ಒಂದು ವಾರ ಬರೆಯುವಂತಿಲ್ಲ. ವಲಸೆಯ ವಿರುದ್ಧ ಎಷ್ಟು ಬೇಕಾದರೂ ವಾದಿಸಿ, ಅದಕ್ಕೆ ಅಡ್ಡಿಯಿಲ್ಲ.

ಗಡಿ ಕಾವಲು

ತೆಗೆದದ್ದು ನನ್ನದಲ್ಲ ಎಂದು ಎಲ್ಲರಿಗೂ ತಿಳಿಸುತ್ತೇನೆ. ನಾನು ಹಾಗೆ ಬರೆಯುವವನಲ್ಲ. ಆದರೆ ಒಂದು ಬೈಗುಳಕ್ಕೆ ಒಂದು ವಾರವೇ?

ಇತಿಹಾಸದ ಮೇಷ್ಟ್ರು

ಅದು ಬರೀ ಬೈಗುಳವಲ್ಲ ಸ್ವಾಮಿ. ರುವಾಂಡಾದಲ್ಲಿ 1993ರಲ್ಲಿ ಆರ್‌ಟಿಎಲ್‌ಎಂ ಎಂಬ ರೇಡಿಯೊ ಶುರುವಾಯಿತು. ಹಾಡು, ಹರಟೆ, ತಮಾಷೆ ಇದ್ದ ಜನಪ್ರಿಯ ರೇಡಿಯೊ. ಅಲ್ಲಿನ ಟುಟ್ಸಿ ಜನಾಂಗದವರನ್ನು ಅದರಲ್ಲಿ ‘ಇನ್ಯೆಂಜಿ’ ಎನ್ನುತ್ತಿದ್ದರು. ಜಿರಳೆ ಎಂದು ಅರ್ಥ. 1994ರ ಏಪ್ರಿಲ್‌ನಿಂದ ಸುಮಾರು ನೂರು ದಿನ ಟುಟ್ಸಿಗಳ ನರಮೇಧ ನಡೆದದ್ದು ಜಗತ್ತಿಗೆ ಗೊತ್ತಿದೆ. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊದ ಇಬ್ಬರು ಸ್ಥಾಪಕರಿಗೂ ಒಬ್ಬ ಪತ್ರಿಕಾ ಸಂಪಾದಕನಿಗೂ ಶಿಕ್ಷೆ ವಿಧಿಸಿತು. ಕತ್ತಿ ಹಿಡಿಯದ ಸುದ್ದಿಗಾರರಿಗೆ ಸಿಕ್ಕ ಶಿಕ್ಷೆ ಅದು.

‘ಅದು ಆಫ್ರಿಕಾ’ ಎನ್ನಬೇಡಿ. 2015ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ದೊಡ್ಡ ದಿನಪತ್ರಿಕೆಯೊಂದರ ಅಂಕಣದಲ್ಲಿ ಮೆಡಿಟರೇನಿಯನ್ ದಾಟುವ ವಲಸಿಗರನ್ನು ಅದೇ ಜಿರಳೆಗೆ ಹೋಲಿಸಿದ್ದರು. ಅದೇ ವಾರ ಒಂದು ದೋಣಿ ಮುಳುಗಿ ಏಳುನೂರಕ್ಕೂ ಹೆಚ್ಚು ಜನ ಸತ್ತರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮುಖ್ಯಸ್ಥರು ಬಹಿರಂಗವಾಗಿಯೇ ಆ ಅಂಕಣವನ್ನು ಖಂಡಿಸಿದರು.

ಹರಟೆ ಕಟ್ಟೆ

ಯಾದಗಿರಿಯಿಂದ ರುವಾಂಡಾಕ್ಕೆ ಹೋದೆವು. ಮೇಷ್ಟ್ರೇ, ನಗುವ ಮುಖ ಒತ್ತಿದವರೆಲ್ಲ ಕತ್ತಿ ಹಿಡಿಯುತ್ತಾರೆಯೇ? ಸ್ವಲ್ಪ ಹೆಚ್ಚಾಯಿತು.

ಇತಿಹಾಸದ ಮೇಷ್ಟ್ರು

ಒತ್ತಿದವರೆಲ್ಲ ಹಿಡಿಯುವುದಿಲ್ಲ. ಹಿಡಿಯುವವನು ಮಾತ್ರ ಆ ನಾನೂರು ಲೈಕ್‌ಗಳನ್ನು ಎಣಿಸಿರುತ್ತಾನೆ. 2018ರ ಮೇ ತಿಂಗಳಲ್ಲಿ ನಮ್ಮ ಚಾಮರಾಜಪೇಟೆಯ ಕಡೆ ‘ಮಕ್ಕಳ ಕಳ್ಳ’ ಎಂದು ರಾಜಸ್ಥಾನದಿಂದ ಕೆಲಸ ಹುಡುಕಿಕೊಂಡು ಬಂದ ಯುವಕನನ್ನು ಹೊಡೆದು ಕೊಂದದ್ದು ರುವಾಂಡಾದಲ್ಲಿ ಅಲ್ಲ.

ಮಾಟುಂಗಾ ಮೂರನೇ ತಲೆಮಾರು

ನಾಡಪರ ಅವರೇ, ಮುಂಬೈಯಿಂದ ಬರೆಯುತ್ತಿದ್ದೇನೆ. ನನ್ನ ತಾತ ಕುಂದಾಪುರದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಇಲ್ಲಿಗೆ ಬಂದವರು. ಹಗಲು ಹೋಟೆಲಿನಲ್ಲಿ ಬಟ್ಟಲು ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದರು. ಆಗ ಇಲ್ಲಿ ‘ಮಾರ್ಮಿಕ್’ ಎಂಬ ವಾರಪತ್ರಿಕೆ ಇತ್ತು, 1960ರಲ್ಲಿ ಶುರುವಾದದ್ದು. ಕಚೇರಿಗಳಲ್ಲಿರುವ ದಕ್ಷಿಣ ಭಾರತದ ಅಧಿಕಾರಿಗಳ ಹೆಸರುಗಳ ಪಟ್ಟಿಯನ್ನು ಅದು ಅಚ್ಚು ಹಾಕುತ್ತಿತ್ತು. ತಲೆಬರಹ ‘ವಾಚಾ ಆಣಿ ಥಂಡ್ ಬಸಾ’, ಅಂದರೆ ಓದಿ ಸುಮ್ಮನೆ ಕುಳಿತಿರಿ. ಬೈಗುಳವೇ ಇಲ್ಲ, ನೋಡಿ. ಬರೀ ಹೆಸರುಗಳು. 1966ರಲ್ಲಿ ಶಿವಸೇನೆ ಪಕ್ಷ ಹುಟ್ಟಿತು, ‘ಬಜಾವ್ ಪುಂಗಿ, ಹಟಾವ್ ಲುಂಗಿ’ (ಪುಂಗಿ ಊದಿ, ಲುಂಗಿಯವರನ್ನು ಓಡಿಸಿ) ಎಂಬ ಘೋಷಣೆ ಬಂತು, ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ನಮ್ಮನ್ನು ‘ಯಂಡುಗುಂಡು’ ಎನ್ನುತ್ತಿದ್ದರು, ಕನ್ನಡ, ತಮಿಳು, ಮಲಯಾಳ ಎಲ್ಲ ಅವರಿಗೆ ಒಂದೇ.

ತಾತ ಕಲ್ಲಿನ ವಿಷಯ ಹೇಳುವಾಗ ನಗುತ್ತಿದ್ದರು. ಪಟ್ಟಿಯ ವಿಷಯ ಹೇಳುವಾಗ ನಗುತ್ತಿರಲಿಲ್ಲ. ಪ್ರತಿ ವಾರ ಆ ಪತ್ರಿಕೆಯನ್ನು ಕೊಂಡು, ಪರಿಚಯದವರ ಹೆಸರಿದೆಯೇ ಎಂದು ನೋಡುತ್ತಿದ್ದರಂತೆ.

ನಾಡಪರ

ಮಾಟುಂಗಾದವರೇ, ಇದು ನನಗೆ ಗೊತ್ತಿರಲಿಲ್ಲ. ಲುಂಗಿಯ ಘೋಷಣೆ ಗೊತ್ತಿತ್ತು, ಪಟ್ಟಿ ಗೊತ್ತಿರಲಿಲ್ಲ.

ಆದರೂ ನನ್ನ ಮಾತನ್ನು ಪೂರ್ತಿ ಹಿಂದಕ್ಕೆ ಪಡೆಯಲಾರೆ. ನನ್ನ ಜಗಳ ಇರುವುದು ಗಾಜಿನ ಕಟ್ಟಡದಲ್ಲಿ ಕುಳಿತು, ಹದಿನೈದು ವರ್ಷ ಇಲ್ಲಿನ ಅನ್ನ ತಿಂದು ‘ಕನ್ನಡ ಗೊತ್ತಿಲ್ಲ’ ಎಂದು ಹೆಮ್ಮೆಯಿಂದ ಹೇಳುವವನ ಜೊತೆ. ಸಾರುವೆಯಿಂದ ಬಿದ್ದವನ ಜೊತೆ ಅಲ್ಲ. ನಿಜ ಹೇಳಬೇಕೆಂದರೆ ನಮ್ಮ ಬಡಾವಣೆಯಲ್ಲಿ ತರಕಾರಿ ಮಾರುವ ಬಿಹಾರದ ಹುಡುಗ ಆರು ತಿಂಗಳಲ್ಲಿ ಕನ್ನಡ ಕಲಿತ. ಗಾಜಿನ ಕಟ್ಟಡದವನ ಮೇಲೆ ಇರುವ ಸಿಟ್ಟು ತಗಡಿನ ಶೆಡ್ಡಿನ ಮೇಲೆ ಬೀಳುತ್ತದೆ, ಏಕೆಂದರೆ ಅದಕ್ಕೆ ಕಾವಲುಗಾರ ಇರುವುದಿಲ್ಲ. ಇದು ನನಗೂ ಕಾಣುತ್ತದೆ.

ಬೆಳ್ಳಂದೂರು ಕೆರೆ ದಂಡೆ

ಕಾವಲುಗಾರನೂ ಹೆಚ್ಚಾಗಿ ಅಸ್ಸಾಂನವನೇ ಆಗಿರುತ್ತಾನೆ.

ನಾಡಪರ

ಅದೂ ನಿಜ.

ಜಯನಗರ ನಾಲ್ಕನೇ ಬ್ಲಾಕ್

ಅಸ್ಸಾಂ ಎಂದಾಗ 2012ರ ಆಗಸ್ಟ್ ನೆನಪಾಯಿತು. ಕೊಕ್ರಝಾರ್ ಗಲಭೆಯ ನಂತರ ‘ಈಶಾನ್ಯದವರ ಮೇಲೆ ದಾಳಿ’ ಎಂಬ ಎಸ್ಸೆಮ್ಮೆಸ್‌ಗಳು. ಸಾವಿರಾರು ಜನ ಸಿಟಿ ರೈಲು ನಿಲ್ದಾಣಕ್ಕೆ ಓಡಿದರು, ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಟ್ಟರು. ಒಂದು ಮೊಬೈಲಿನಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳುಹಿಸುವಂತಿಲ್ಲ ಎಂದು ಕೇಂದ್ರ ಸರ್ಕಾರ ಹದಿನೈದು ದಿನ ನಿರ್ಬಂಧ ಹಾಕಿತು. ನಮ್ಮ ಬೀದಿಯ ಬ್ಯೂಟಿ ಪಾರ್ಲರ್‌ನ ಹುಡುಗಿಯರಿಬ್ಬರು ಬೀಗ ಹಾಕಿ ಕೀಲಿಯನ್ನು ನಮ್ಮ ಮನೆಯಲ್ಲಿ ಕೊಟ್ಟು ಹೋದರು. ಒಬ್ಬಳು ಮಾತ್ರ ವಾಪಸು ಬಂದಳು.

ಆಗ ಟಿವಿಯವರು ನಿಲ್ದಾಣದ ಜನಜಂಗುಳಿಯನ್ನು ದಿನವಿಡೀ ತೋರಿಸಿದರು. ಅದನ್ನು ನೋಡಿಯೇ ಇನ್ನಷ್ಟು ಜನ ಹೊರಟರು ಎಂದು ನನಗೆ ಇಂದಿಗೂ ಅನಿಸುತ್ತದೆ.

ನಿವೃತ್ತ ಸುದ್ದಿಮನೆ

ಅದಕ್ಕೆ ವಿರುದ್ಧವಾದದ್ದು 2020ರ ಮೇ. ಲಾಕ್‌ಡೌನ್‌ನಲ್ಲಿ ಕೂಲಿಯವರು ಊರಿಗೆ ಹೋಗುತ್ತೇವೆ ಎಂದಾಗ, ಕಟ್ಟಡ ಉದ್ಯಮದವರ ಜೊತೆ ಸಭೆಯಾದ ಕೂಡಲೇ ರಾಜ್ಯ ಸರ್ಕಾರ ಶ್ರಮಿಕ ರೈಲುಗಳನ್ನು ನಿಲ್ಲಿಸಿತು. ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಜನವರಿಯಲ್ಲಿ ‘ಹೋಗಿ’ ಎಂದು ಜೋಪಡಿ ಒಡೆದವರು ಮೇನಲ್ಲಿ ‘ಹೋಗಬೇಡಿ’ ಎಂದರು. ಎರಡೂ ಸುದ್ದಿಗಳ ಕೆಳಗೆ ಬೈಗುಳ ತಿಂದದ್ದು ಮಾತ್ರ ಅದೇ ಕೂಲಿಯವರು.

ಕೀಲಿಮಣೆ

ಮೂಲ ಪ್ರಶ್ನೆಗೆ ಬರುತ್ತೇನೆ. ಎರಡು ವರ್ಷ ಒಂದು ಪತ್ರಿಕೆಯ ಸಾಮಾಜಿಕ ಜಾಲತಾಣದ ಪುಟಗಳನ್ನು ನೋಡಿಕೊಂಡಿದ್ದೇನೆ. ಪುಟದ ಸೆಟ್ಟಿಂಗ್‌ನಲ್ಲಿ ನಿಷೇಧಿತ ಪದಗಳ ಪಟ್ಟಿ ಹಾಕಬಹುದು, ಆ ಪದವಿರುವ ಕಮೆಂಟ್ ತಾನಾಗಿಯೇ ಮರೆಯಾಗುತ್ತದೆ. ಇಂಗ್ಲಿಷಿನಲ್ಲಿ ಇದು ತಕ್ಕಮಟ್ಟಿಗೆ ನಡೆಯುತ್ತದೆ. ಕನ್ನಡದಲ್ಲಿ ನಮ್ಮ ವಿಭಕ್ತಿ ಪ್ರತ್ಯಯಗಳೇ ಶತ್ರು. ‘ನುಸುಳುಕೋರ’ ಎಂದು ಹಾಕಿದರೆ ‘ನುಸುಳುಕೋರರನ್ನು’ ಪಾರಾಗುತ್ತಿತ್ತು. ಎಲ್ಲ ರೂಪಗಳನ್ನೂ ಹಾಕಿದೆ. ‘ನುಸುಳು ಕೋರ’ ಎಂದು ಒಡೆದು ಬರೆದರು. ಅದನ್ನೂ ಹಾಕಿದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದರು. ಕೊನೆಗೆ ಹಂದಿಯ ಚಿತ್ರ. ‘ಬಾಂಗ್ಲಾ’ ಎಂಬುದನ್ನು ಪಟ್ಟಿಗೆ ಸೇರಿಸಿದ ದಿನ ಭಾರತ–ಬಾಂಗ್ಲಾ ಕ್ರಿಕೆಟ್ ಪಂದ್ಯವಿತ್ತು, ಅರ್ಧ ಕಮೆಂಟ್ ಮಾಯವಾಗಿ ಕ್ರೀಡಾ ವಿಭಾಗದವರು ನನ್ನ ಮೇಲೆ ಹರಿಹಾಯ್ದರು.

ನನ್ನ ಅನುಭವದಲ್ಲಿ ಫಲ ಕೊಟ್ಟದ್ದು ಎರಡೇ. ಸಾವು, ಅತ್ಯಾಚಾರ, ಅಪಘಾತದ ಸುದ್ದಿಗೆ ಮೊದಲ ಒಂದು ಗಂಟೆ ಯಾರಾದರೂ ಕುಳಿತು ನೋಡುವುದು. ಮೊದಲ ಹತ್ತು ಕಮೆಂಟ್ ಹೇಗಿರುತ್ತವೆಯೋ ಉಳಿದ ನೂರು ಹಾಗೆಯೇ ಇರುತ್ತವೆ. ಎರಡನೆಯದು, ಕುಳಿತು ನೋಡಲು ಜನವಿಲ್ಲದಿದ್ದರೆ ಮುಚ್ಚಿಬಿಡುವುದು. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇದ್ದು ಸುದ್ದಿಯನ್ನೂ ತಿದ್ದಿ ಕಮೆಂಟ್ ಕಾಯುವುದೂ ಆಗದ ಮಾತು.

ವಕೀಲೆ, ಧಾರವಾಡ

ಇದಕ್ಕೊಂದು ಸೇರಿಸುತ್ತೇನೆ. ‘ಕಮೆಂಟ್ ಓದುಗರದ್ದು, ನಮ್ಮದಲ್ಲ’ ಎಂಬ ಮಾತು ಯುರೋಪಿನಲ್ಲಿ ಹಳತಾಯಿತು. ಎಸ್ಟೋನಿಯಾದ ಡೆಲ್ಫಿ ಎಂಬ ಸುದ್ದಿ ತಾಣ, ತನ್ನ ಸುದ್ದಿಯ ಕೆಳಗಿನ ಬೆದರಿಕೆಯ ಕಮೆಂಟ್‌ಗಳಿಗೆ ತಾನೇ ಹೊಣೆ ಎಂದು 2015ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಿಂದ ಕೇಳಿಸಿಕೊಂಡಿತು. ಪರಿಹಾರದ ಮೊತ್ತ ಕೇವಲ 320 ಯೂರೊ. ಅಷ್ಟು ಸಣ್ಣ ಮೊತ್ತವಾದರೂ ಸುದ್ದಿ ತಾಣಗಳವರಿಗೆ ನಡುಕ ಹುಟ್ಟಿತು. ನಮ್ಮಲ್ಲಿ 2021ರ ಐಟಿ ನಿಯಮಗಳ ಪ್ರಕಾರ ಡಿಜಿಟಲ್ ಸುದ್ದಿ ಪ್ರಕಾಶಕರು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಸುದ್ದಿಯ ಬಗ್ಗೆ ಬಂದ ದೂರನ್ನು ಹದಿನೈದು ದಿನಗಳಲ್ಲಿ ಇತ್ಯರ್ಥ ಮಾಡಬೇಕು. ನಿಮ್ಮ ತಾಣದಲ್ಲಿ ಆ ಅಧಿಕಾರಿ ಯಾರು?

ಮೇಜಿನ ಮೂಲೆ

ಈಗ ಪುಟದ ಅಡಿಯಲ್ಲಿ ಹೋಗಿ ನೋಡಿದೆ. ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರ ಹೆಸರಿದೆ.

ಗೋಡೆ ಗಡಿಯಾರ

😂 ಕ್ಷಮಿಸಿ, ಇಲ್ಲಿ ನಗುವ ಮುಖಕ್ಕೆ ಅನುಮತಿ ಇದೆ ಎಂದುಕೊಂಡೆ.

ಮ್ಯಾಂಚೆಸ್ಟರ್ ಮಳೆ

ನಾನು ಇಲ್ಲಿ ನರ್ಸ್, ಮಂಡ್ಯದವಳು. 2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಸಂಜೆಯೊಳಗೆ ಕೊಲೆಗಾರನ ‘ಹೆಸರು’ ಹರಿದಾಡಿತು. ಅರಬ್ಬಿ ಹೆಸರು, ದೋಣಿಯಲ್ಲಿ ಬಂದ ನಿರಾಶ್ರಿತ ಎಂಬ ವಿವರಣೆ. ಸುದ್ದಿವಾಹಿನಿಯಂತೆ ಹೆಸರಿಟ್ಟುಕೊಂಡ ಒಂದು ಜಾಲತಾಣವೂ ಅದನ್ನು ಹಾಕಿತ್ತು. ಹೆಸರು ಕಟ್ಟುಕಥೆ. ಹುಡುಗ ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ನಿಜ ಹೊರಬರುವಷ್ಟರಲ್ಲಿ ಗಲಭೆ ಊರಿಂದ ಊರಿಗೆ ಹಬ್ಬಿತ್ತು. ಆಗಸ್ಟ್ 4ರಂದು ರಾದರ್‌ಹ್ಯಾಮ್ ಹತ್ತಿರ ಆಶ್ರಯ ಕೋರಿದವರಿದ್ದ ಹೋಟೆಲಿಗೆ ಬೆಂಕಿ ಹಚ್ಚಲು ನೋಡಿದರು, ಒಳಗೆ ಜನರಿದ್ದರು.

ಆ ವಾರ ನಾವು ಮೂವರು ಕನ್ನಡದವರು ಪಾಳಿ ಮುಗಿಸಿ ಒಟ್ಟಿಗೇ ಬಸ್ ಹತ್ತುತ್ತಿದ್ದೆವು. ಸಮವಸ್ತ್ರ ಕಾಣುವಂತೆ ಕೋಟಿನ ಗುಂಡಿ ಬಿಚ್ಚಿಟ್ಟುಕೊಳ್ಳುತ್ತಿದ್ದೆವು, ನರ್ಸ್ ಎಂದು ಗೊತ್ತಾಗಲಿ ಎಂದು. ಊರಿನ ಗುಂಪಿನಲ್ಲಿ ಅದೇ ಹೊತ್ತಿಗೆ ನನ್ನ ಸೋದರಮಾವ ‘ಬೆಂಗಳೂರಿನಿಂದ ಹೊರಗಿನವರನ್ನು ಓಡಿಸಬೇಕು’ ಎಂದು ಏನನ್ನೋ ಫಾರ್ವರ್ಡ್ ಮಾಡಿದ್ದರು. ‘ಮಾವ, ನಾನೂ ಇಲ್ಲಿ ಹೊರಗಿನವಳೇ’ ಎಂದು ಬರೆದೆ. ‘ನಿನ್ನ ವಿಷಯ ಬೇರೆ’ ಎಂದರು.

ಹರಟೆ ಕಟ್ಟೆ

ಎಲ್ಲರ ಮಾವಂದಿರೂ ಒಂದೇ ಕಾರ್ಖಾನೆಯಲ್ಲಿ ತಯಾರಾದವರು.

ಬೆಳ್ಳಂದೂರು ಕೆರೆ ದಂಡೆ

ಟಿವಿಯವರ ಮೇಲೆ ದೂರು ಕೊಟ್ಟವರು ಯಾರಾದರೂ ಇದ್ದೀರಾ? ಏನಾದರೂ ಆಗುತ್ತದೆಯೇ?

ನಿವೃತ್ತ ಸುದ್ದಿಮನೆ

ಆಗುತ್ತದೆ, ನಿಧಾನಕ್ಕೆ, ಸ್ವಲ್ಪ. ಮೊದಲು ವಾಹಿನಿಗೇ ಬರೆಯಬೇಕು, ಪ್ರಸಾರವಾದ ಏಳು ದಿನಗಳೊಳಗೆ. ಉತ್ತರ ಸಮಾಧಾನ ತರದಿದ್ದರೆ ಸುದ್ದಿವಾಹಿನಿಗಳ ಒಕ್ಕೂಟದ ಪ್ರಾಧಿಕಾರಕ್ಕೆ ಹೋಗಬೇಕು. ಒಕ್ಕೂಟದ ಸದಸ್ಯರಲ್ಲದ ವಾಹಿನಿಗೆ ಅದು ಲೆಕ್ಕಕ್ಕಿಲ್ಲ. 2020ರಲ್ಲಿ ತಬ್ಲೀಗಿ ವಿಷಯದ ಪ್ರಸಾರದ ಬಗ್ಗೆ ಬೆಂಗಳೂರಿನ ಕೆಲವರು ದೂರು ಕೊಟ್ಟು ಬೆನ್ನು ಹತ್ತಿದರು. 2021ರ ಜೂನ್‌ನಲ್ಲಿ ಎರಡು ಕನ್ನಡ ವಾಹಿನಿಗಳಿಗೆ ದಂಡ ಬಿತ್ತು, ಒಂದಕ್ಕೆ ಒಂದು ಲಕ್ಷ, ಇನ್ನೊಂದಕ್ಕೆ ಐವತ್ತು ಸಾವಿರ. ಒಂದು ಜಾಹೀರಾತಿನ ದುಡ್ಡೂ ಅಲ್ಲ, ಆದರೂ ಆದೇಶ ದಾಖಲೆಯಲ್ಲಿ ಉಳಿಯಿತು.

ಅಚ್ಚಿನ ಪತ್ರಿಕೆಯಾದರೆ ಪ್ರೆಸ್ ಕೌನ್ಸಿಲ್. ಛೀಮಾರಿ ಹಾಕಬಲ್ಲದು, ದಂಡ ಹಾಕಲಾರದು. ನನ್ನ ಕಾಲದಲ್ಲಿ ಛೀಮಾರಿ ಬಂದರೆ ಸಂಪಾದಕರು ಎರಡು ದಿನ ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ಈಗ ಹೇಗೋ.

ಮೇಜಿನ ಮೂಲೆ

ನಾಲ್ಕು ದಿನಗಳ ನಂತರ ಬಂದಿದ್ದೇನೆ. ಈ ಚರ್ಚೆಯ ಕೆಲವು ಉತ್ತರಗಳನ್ನು ಮುದ್ರಿಸಿ ಸುದ್ದಿ ಸಂಪಾದಕರ ಮೇಜಿನ ಮೇಲೆ ಇಟ್ಟೆ (ಜಿರಳೆಯದ್ದೂ ಸಿಕ್ಕಿದ್ದರೆ ಇಡುತ್ತಿದ್ದೆ). ಕಮೆಂಟ್ ಮುಚ್ಚಲು ಒಪ್ಪಲಿಲ್ಲ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಸಾವಿನ ಸುದ್ದಿಗೆ ಮಾತ್ರ ಮುಚ್ಚಬಹುದು ಎಂದರು. ಕುಂದುಕೊರತೆ ಅಧಿಕಾರಿಯ ಜಾಗಕ್ಕೆ ಈಗ ನನ್ನ ಹೆಸರು ಹಾಕಿದ್ದಾರೆ, ಸಂಬಳ ಹೆಚ್ಚಿಸದೆ. ವಕೀಲೆ ಮೇಡಂ, ಇದರ ಪಾಪ ನಿಮಗೆ.

ಶೀರ್ಷಿಕೆಯನ್ನು ‘ಮೂವರು ಕಾರ್ಮಿಕರ ಸಾವು’ ಎಂದು ತಿದ್ದಿ, ಗುತ್ತಿಗೆದಾರನ ಮೇಲೆ ಪ್ರಕರಣ ದಾಖಲಾದ ವಿವರವನ್ನು ಮೊದಲ ಸಾಲಿಗೆ ತಂದೆ. ಯಾದಗಿರಿಯ ಹೆಣ್ಣುಮಗಳಿಗೆ ಆ ರಾತ್ರಿಯೇ ಖಾಸಗಿಯಾಗಿ ಆಸ್ಪತ್ರೆಯ ವಿವರ ಕಳುಹಿಸಿದ್ದೆ. ನಿನ್ನೆ ಉತ್ತರ ಬಂತು, ‘ಮುಟ್ಟಿದೆವು, ಊರಿಗೆ ತಂದೆವು’ ಎಂದಷ್ಟೇ.

ಡೆಸ್ಕಿನ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದೇವೆ. ಮನುಷ್ಯರ ಬಗ್ಗೆ ಹಾವಳಿ, ಅಡಗುತಾಣ, ಬೀಡುಬಿಡು, ಲಗ್ಗೆ, ದಂಡು ಬಳಸುವಂತಿಲ್ಲ.

ಹಾಸನದ ಕಾಫಿ

ಮೇಡಂ, ಆನೆ?

ಮೇಜಿನ ಮೂಲೆ

ಆನೆಗೆ ವಿನಾಯಿತಿ ಇದೆ. ಸೊಳ್ಳೆಗೂ ಇದೆ.

ಹಾಸನದ ಕಾಫಿ

ಬದುಕಿದೆವು. ನಿನ್ನೆ ರಾತ್ರಿ ಮತ್ತೆ ಬಂದಿದ್ದವು.